ಎಡಗಡೆಯ ನೆರಳು

ಮನೆಯ ಬಣ್ಣದ ಡಬ್ಬಿಗಳ ಕೋಣೆಯಿಂದ,
ಮಾರ್ಚ್ ೧೨, ಬುಧವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಟರ್ಪೆಂಟೈನ್ ವಾಸನೆಗೆ ಬರುತ್ತಿತ್ತಲ್ಲ, ಆ ಕೆಮ್ಮು ಈಗ ಹೇಗಿದೆ? ಈಗಲೂ ಚಪ್ಪಲಿ ಹಾಕಿಕೊಂಡೇ ಏಣಿ ಹತ್ತುತ್ತೀಯೇನು, ಪುಣ್ಯಾತ್ಮ? ಇದು ನಿನ್ನ ಕೈ ಸೇರುತ್ತದೋ ಇಲ್ಲವೋ, ದೇವರೇ ಬಲ್ಲ. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಕೆಲಸಕ್ಕೆಂದು ನೀನಿರುವ ಕಡೆಗೆ ಬಂದಿದ್ದನಂತೆ. ಅಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿಯ ಬೋರ್ಡು ಚೆಂದ ಕಂಡಿತೆಂದು ಫೋಟೋ ಹೊಡೆದು ತಂದಿದ್ದ. ನೋಡಿದ ಕೂಡಲೇ ಗುರುತು ಹಿಡಿದೆ. ಅಪ್ಪನ ದಪ್ಪ ಅಕ್ಷರ, ಎಡಗಡೆಗೆ ನೆರಳು. ಹಾಗೆ ಬರೆಯುವ ಮೊಂಡ ಈ ಲೋಕದಲ್ಲಿ ಇನ್ನೊಬ್ಬನಿಲ್ಲ. ಬೋರ್ಡಿನಲ್ಲಿ ಫೋನ್ ನಂಬರಿಲ್ಲ, ಹಾಗಾಗಿ ಆ ಅಂಗಡಿಯ ವಿಳಾಸಕ್ಕೇ ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ, ಬೋರ್ಡು ಬರೆದವರಿಗೆ ದಯವಿಟ್ಟು ತಲುಪಿಸಿ ಎಂದು ಲಕೋಟೆಯ ಮೇಲೆ ಬರೆದು.

ಅಪ್ಪನಿಗೆ ಲಕ್ವ ಹೊಡೆದಿದೆ, ಅಣ್ಣಾ. ಸುತ್ತಿಬಳಸಿ ಹೇಳುವ ಕಲೆ ನನಗೆಲ್ಲಿದೆ? ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಕುಂಚ ಹಿಡಿದರೆ ಗೆರೆ ಕದಲದಂತಿದ್ದ ಆ ಕೈಯನ್ನು ಈಗ ಅಮ್ಮ ಎತ್ತಿ ಅತ್ತ ಇತ್ತ ಇಡುತ್ತಾಳೆ. ಅದನ್ನಾದರೂ ಸಹಿಸಬಹುದು. ಅವರು ಊಟ ಬಿಟ್ಟಿದ್ದಾರೆ. ಚಮಚ ತುಟಿಗೆ ತಂದರೆ ಹಲ್ಲು ಕಚ್ಚುತ್ತಾರೆ. ಮೂಗಿಗೆ ಹಾಕಿದ ನಳಿಕೆಯನ್ನು ಎಡಗೈಯಿಂದ ಕಿತ್ತೆಸೆದರು. ಅಮ್ಮ ಬೇಡಿಕೊಂಡಾಯಿತು, ನಾನು ಬೈದಾಯಿತು, ಅತ್ತಾಯಿತು. ಡಾಕ್ಟರು ನನ್ನನ್ನು ಹೊರಗೆ ಕರೆದು, "ದೇಹ ಇನ್ನೂ ಬದುಕುತ್ತೆ ಕಣಮ್ಮ, ಆದ್ರೆ ಅವರಿಗೇ ಬೇಡವಾಗಿದೆ. ಹೀಗೇ ಬಿಟ್ರೆ ಈ ವಾರ ದಾಟೋದು ಕಷ್ಟ" ಅಂದರು.

ಆಗ ನನಗೆ ಹೊಳೆದದ್ದು ಅವರ ಅಕ್ಷರ. ನನ್ನ ಕೆಲಸ ನಿನಗೆ ಗೊತ್ತಿಲ್ಲವಲ್ಲ, ಕಂಪ್ಯೂಟರಿನಲ್ಲಿ ಅಕ್ಷರ ರೂಪಿಸುತ್ತೇನೆ. ನೂಲಿನಂತೆ ಸೀರೆ ಎಂದು ನಗಬೇಡ. ಪೇಟೆಯಲ್ಲಿ ಅಪ್ಪ ಬರೆದ ಹಳೆಯ ಬೋರ್ಡುಗಳನ್ನೆಲ್ಲ ಇಳಿಸಿ ಒಳಗೆ ದೀಪ ಉರಿಯುವ ಪ್ಲಾಸ್ಟಿಕ್ ಬೋರ್ಡು ಹಾಕುತ್ತಿದ್ದಾರೆ. ಒಂದೊಂದೂ ಗುಜರಿಗೆ ಹೋಗುವ ಮೊದಲು ಓಡಿಹೋಗಿ ಫೋಟೋ ತೆಗೆದು, ಆ ಅಕ್ಷರಗಳಿಂದಲೇ ಕಳೆದ ವರ್ಷ ಒಂದು ಫಾಂಟು ಮಾಡಿದ್ದೆ, ಅಪ್ಪನಿಗೆ ತೋರಿಸಿರಲಿಲ್ಲ. ಪೇಟದಂಥ ತಲೆಕಟ್ಟು, ಕುಂಬಳಕಾಯಿಯಂಥ ಹೊಟ್ಟೆ, ಎಲ್ಲ ಅವರದೇ. "ಅಕ್ಷರಕ್ಕೆ ಹೊಟ್ಟೆ ತುಂಬಿರಬೇಕು ಕಣೋ, ಹಸಿದ ಅಕ್ಷರ ಯಾರನ್ನ ಕರೆಯುತ್ತೆ?" ಅನ್ನುತ್ತಿದ್ದರಲ್ಲ, ಅವರೇ ಈಗ ಹಸಿದು ಮಲಗಿದ್ದಾರೆ. ಫಾಂಟು ಆಗಲೇ ಒಂದು ಸೋಪಿನ ಪೊಟ್ಟಣದ ಮೇಲೆ ಬಂದಿದೆ, ನೋಡಿದರೆ ದೂರದಿಂದಲೇ ಕೈಬೀಸಿ ಕರೆಯುತ್ತದೆ. ಇನ್ನೊಬ್ಬ ಮಹಾಶಯ ಅದನ್ನು ಸಾಸಿವೆಯಷ್ಟು ಸಣ್ಣದು ಮಾಡಿ ಔಷಧಿಯ ಚೀಟಿಗೆ ಹಾಕಿದ. ದಪ್ಪ ಅಕ್ಷರ ಇರುವುದು ಕೂಗುವುದಕ್ಕೆ, ಗುಟ್ಟು ಹೇಳುವುದಕ್ಕಲ್ಲ ಎಂದು ಅವನಿಗೆ ಹೇಳುವವರು ಯಾರು?

ಆ ಅಕ್ಷರಗಳನ್ನು ದೊಡ್ಡದಾಗಿ ಅಚ್ಚುಹಾಕಿಸಿ ಮಂಚದ ಎದುರಿನ ಗೋಡೆಗೆ ಅಂಟಿಸಿದೆ. ಖುಷಿಪಡುತ್ತಾರೆ, ಒಂದು ತುತ್ತಾದರೂ ತಿನ್ನುತ್ತಾರೆ ಎಂಬ ಆಸೆ. ನೋಡಿದರು. ಮುಖ ಪಕ್ಕಕ್ಕೆ ತಿರುಗಿಸಿದರು. ಅಕ್ಷರದ ಹೊಟ್ಟೆ ಹೆಚ್ಚಾಯಿತೇನೋ ಎಂದು ಇಳಿಸಿ ತೋರಿಸಿದೆ, ಲೋಟ ಎಸೆದರು. ತಲೆಕಟ್ಟು ದಪ್ಪ ಮಾಡಿದೆ, ತಿರುವು ತಿದ್ದಿದೆ, ನೆರಳನ್ನು ಅವರಿಗೆ ಬೋರ್ಡು ಬರೆಯಲು ಕಲಿಸಿದ ಗುರುಗಳ ಕ್ರಮದಂತೆಯೇ ಅಚ್ಚುಕಟ್ಟಾಗಿ ಬಲಗಡೆಗೆ ಇಳಿಸಿದ್ದೆ, ಅದನ್ನು ಇನ್ನೂ ಕಪ್ಪು ಮಾಡಿದೆ. ಯಾವುದೂ ಬೇಡ. ಬಟ್ಟೆ ಅಂಗಡಿಯ ಬೋರ್ಡಿನ ದಿನ ನೆನಪಾಗುತ್ತದೆ. ಎಂದಿನಂತೆ ಅಪ್ಪ ಅಕ್ಷರ ಬರೆದು ಇಳಿದರು, ನೆರಳು ತುಂಬುವುದಕ್ಕೆ ನೀನು ಹತ್ತಿದೆ. ಮಾರುಕಟ್ಟೆಯಿಂದ ಜನ ಎಡದಿಂದ ಬರುತ್ತಾರೆ, ಮೊದಲು ಅವರಿಗೆ ಕಾಣಲಿ ಎಂದು ನೀನು ಎಡಕ್ಕೆ ಹಾಕಿದೆ. "ನನ್ನ ಅಕ್ಷರಕ್ಕೆ ಉಲ್ಟಾ ನೆರಳು ಹಾಕ್ತೀಯೇನೋ?" ಎಂದು ಅವರು ಇಡೀ ಪೇಟೆ ನೋಡುತ್ತಿರುವಾಗ ಸೀಮೆಎಣ್ಣೆ ಬಟ್ಟೆಯಿಂದ ಅದನ್ನು ಒರೆಸಿಬಿಟ್ಟರು. ನೀನು ಕುಂಚವನ್ನು ಏಣಿಯ ಮೆಟ್ಟಿಲ ಮೇಲೆ ಇಟ್ಟು ಹೋದವನು ಹೋದೆ. ಇಬ್ಬರದೂ ಒಂದೇ ಜಾತಕ, ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ನಡುವೆ ಸಿಕ್ಕಿ ಸೊರಗಿದವರು ಅಮ್ಮ, ನಾನು.

ಅವರ ಅಕ್ಷರ ನಿನ್ನಷ್ಟು ಬಲ್ಲವರು ಯಾರೂ ಇಲ್ಲ. ಅಚ್ಚಿನ ಒಂದು ಹಾಳೆ ಜೊತೆಗಿಟ್ಟಿದ್ದೇನೆ. ಎಲ್ಲಿ ತಪ್ಪಿದ್ದೇನೆ, ಅಷ್ಟು ಹೇಳು ಸಾಕು. ತಿದ್ದಿ ತೋರಿಸುತ್ತೇನೆ, ಬಾಯಿ ತೆರೆದಾರು. ಬೇರೆ ದಾರಿ ನನಗೆ ಕಾಣುತ್ತಿಲ್ಲ. ಅವರನ್ನು ಹೀಗೆ ನೋಡುವ ಶಕ್ತಿ ನನ್ನಲ್ಲಿ ಉಳಿದಿಲ್ಲ, ಅಣ್ಣಾ.

ಅಮ್ಮ ಆಶೀರ್ವಾದ ಹೇಳಿದ್ದಾಳೆ, ನಿನ್ನ ಬೂದು ಸ್ವೆಟರನ್ನು ಈಗಲೂ ಒಗೆದು ಮಡಿಸಿಡುತ್ತಾಳೆ. ಮೈ ಜೋಪಾನ.

ನಿನ್ನ ಬಾಯಿಬಡುಕಿ,
ತಂಗಿ

ಮರೆತ ಮಾತಲ್ಲ, ಈಗಷ್ಟೇ ಆದದ್ದು: ಲಕೋಟೆಯ ಮೇಲೆ ವಿಳಾಸ ಬರೆಯುತ್ತಿದ್ದೆ, ಅಮ್ಮ ಕೂಗಿದಳು. ನಿನಗೆಂದು ಮಂಚದ ಪಕ್ಕ ತೆಗೆದಿಟ್ಟಿದ್ದ ಹಾಳೆಯನ್ನು ಅಪ್ಪ ಮಂಚದ ಮೇಲೆ ಎಳೆದುಕೊಂಡಿದ್ದರು. ಎಡಗೈ ಬೆರಳನ್ನು ಅಮ್ಮನ ಟೀ ಲೋಟದಲ್ಲಿ ಅದ್ದಿ, ನನ್ನ ಬಲಗಡೆಯ ನೆರಳನ್ನು ಉಜ್ಜಿ ಉಜ್ಜಿ ಕಾಗದವೇ ಹರಿದಿದೆ. ಆಮೇಲೆ ಮತ್ತೆ ಅದ್ದಿ, ಮೊದಲ ಅಕ್ಷರದ ಎಡಕ್ಕೆ ಒಂದು ಗೆರೆ ಎಳೆದರು. ನಡುಗುತ್ತಾ, ಮೇಲಿನಿಂದ ಕೆಳಗಿನವರೆಗೆ, ನೀನು ಎಳೆಯುತ್ತಿದ್ದ ಹಾಗೆಯೇ. ಅದೇ ಹಾಳೆಯನ್ನು ಇಟ್ಟಿದ್ದೇನೆ, ಕಂದು ಕಲೆ ಅವರ ಕೈಯದು. ನಾನು ಈಗಲೇ ತಿದ್ದಿ ತರುತ್ತೇನೆಂದೆ. ಬೇಡವೆಂದು ತಲೆ ಅಲ್ಲಾಡಿಸಿದರು. ಹಾಲಿನ ಚಮಚ ಹಿಡಿದೆ, ಬಾಯಿ ತೆರೆಯಲಿಲ್ಲ. ಬಾಗಿಲನ್ನೇ ನೋಡುತ್ತಿದ್ದಾರೆ. ಉತ್ತರ ಬರೆಯುತ್ತಾ ಕೂರಬೇಡ, ಅಣ್ಣಾ. ಬಸ್ಸು ಹತ್ತು.