ಮಂಚದ ಪಕ್ಕದ ಜಾಗ

ಅರಸೀಕೆರೆ, ಗುರುವಾರ

ಅಪ್ಪಾಜಿಗೆ ಜೈ ಜಿನೇಂದ್ರ.

ಹಳೇಬೀಡಿನ ಮನೆಯಲ್ಲಿ ಅಮ್ಮನಿಗಾಗಿ ಕಟ್ಟಿಸುವ ಕೋಣೆಯ ನಕ್ಷೆ ನೋಡಿದೆ. ಮಂಚ, ಬೀರು, ಗಾಲಿಕುರ್ಚಿ ಇವುಗಳ ಅಳತೆ ಕೂಡಿಸಿ, ಅಷ್ಟಕ್ಕೇ ಗೋಡೆ ಎಳೆದಿದ್ದೀರಿ.

ಇವತ್ತು ಕಾಲೇಜಿನ ಸಿ ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ನನ್ನ ವಿದ್ಯಾರ್ಥಿಗಳೂ ಹೀಗೇ ಮಾಡಿದರು. ಹಲವು ಮಾಹಿತಿಯನ್ನು ಒಟ್ಟಿಗಿಡುವ ಸ್ಟ್ರಕ್ಚರ್‌ನಲ್ಲಿ ಒಂದು ಬೈಟು ಜಾಗ ಹಿಡಿಯುವ ಅಕ್ಷರ, ನಾಲ್ಕು ಬೈಟು ಹಿಡಿಯುವ ಸಂಖ್ಯೆ ಇದ್ದವು. ಒಟ್ಟು ಐದೆಂದು ಬರೆದಿಟ್ಟರು. ಕಂಪ್ಯೂಟರ್ ಎಂಟು ಎಂದಿತು. "ಮಿಸ್, ಇದು ತಪ್ಪು ತೋರಿಸ್ತಾ ಐತೆ" ಎಂದ ಗಂಡಸಿ ಊರಿನ ಭೀಮರಾಜ್. ಸಂಖ್ಯೆ ಸರಿಯಾಗಿ ಕೂರಲೆಂದು ಅದು ನಡುವೆ ಮೂರು ಬೈಟು ಖಾಲಿ ಬಿಡುತ್ತದೆ, ಆ ಖಾಲಿಯೂ ಅಳತೆಗೆ ಸೇರುತ್ತದೆ ಎಂದೆ. ಹೇಳುವಾಗಲೇ ನಿಮ್ಮ ನಕ್ಷೆ ನೆನಪಾಯಿತು.

ಅಮ್ಮನ ಬಲಗೈ ಇನ್ನೂ ಏಳುವುದಿಲ್ಲ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕೆಂದು ಆಸ್ಪತ್ರೆಯಲ್ಲಿ ದಿನವೂ ನಿಂತುಕೊಂಡೇ ತುತ್ತು ಕೊಟ್ಟಿರಿ. ಅಲ್ಲಿ ಕೂರಲು ಜಾಗವಿರಲಿಲ್ಲ, ಸರಿ. ನಮ್ಮ ಮನೆಯಲ್ಲೂ ನಿಂತೇ ಇರುತ್ತೀರೇನು?

ಸೋಮವಾರ ಗಾರೆಯವರು ಬರುವ ಮುಂಚೆ ಗೋಡೆಯನ್ನು ಎರಡಡಿ ಆಚೆ ಸರಿಸಿ. ನಕ್ಷೆಯಲ್ಲಿ ಮಂಚದ ಪಕ್ಕ ನಿಮ್ಮ ಕುರ್ಚಿಯನ್ನು ಬರೆದ ಮೇಲೆಯೇ ಆ ಗೋಡೆ ಏಳಲಿ.

ನಿಮ್ಮ ಮಗಳು,
ಜಿನಶ್ರೀ