ಮಗ್ಗಗಳು ನಿಂತಾಗ ಕೇಳಿಸಿದ್ದು

ಭಾನುವಾರ, ಮಾರ್ಚ್ ೯

ಮುದ್ದು ಮಗಳೇ,

ನಿನ್ನೆ ನಿಮ್ಮಮ್ಮ ಹಾಡಿದಳು. ನಮ್ಮ ಗಿರಣಿಯ ಎರಡನೇ ಶೆಡ್ಡಿನಲ್ಲಿ, ಇಡೀ ಪಾಳಿಯ ಎದುರು. ಹೇಗೆ ಹಾಡಿದಳೆಂದು ಮೇಸ್ತ್ರಿಯ ಮಾತಿನಲ್ಲೇ ಕೇಳು: "ಅಲ್ಲಯ್ಯ, ಇಂಥ ಕಂಠಾನ ಮನೇಲಿಟ್ಕೊಂಡು ಒಂದು ಮಾತೂ ಹೇಳಿಲ್ವಲ್ಲ ನೀನು!"

ಅಪ್ಪ ಫೋನ್ ಎತ್ತುವುದಿಲ್ಲ, ಕಾಗದಕ್ಕೂ ತಿಂಗಳುಗಟ್ಟಲೆ ಕಾಯಿಸುತ್ತಾನೆ ಎಂಬ ನಿನ್ನ ದೂರು ಸರಿಯೇ. ಮೊದಲು ಬೈದುಕೋ, ಆಮೇಲೆ ಮುಂದಕ್ಕೆ ಓದು.

ಅಮ್ಮ ಯಾವಾಗಲೂ ತೀರಾ ಗದ್ದಲದ ಮೂಲೆಯ ಮಗ್ಗಗಳನ್ನೇ ಕೇಳಿ ಪಡೆಯುತ್ತಿದ್ದಳಲ್ಲ? ಅಲ್ಲಿ ಪಕ್ಕದವರು ಕೂಗಿದರೂ ಕೇಳಿಸದು. ನಿನ್ನೆ ಕಿವಿಗೆ ಹತ್ತಿ ತುರುಕಿಕೊಂಡು, ಕಡಿದ ಎಳೆಗಳಿಗೆ ಬಗ್ಗಿ ಗಂಟು ಹಾಕುತ್ತಿದ್ದಳು. ನಾನು ಆಚೆ ಮಗ್ಗದ ಬೋಲ್ಟ್ ಬಿಗಿ ಮಾಡುತ್ತಿದ್ದೆ. ಕರೆಂಟು ಹೋಗಿ ಎಲ್ಲ ಮಗ್ಗಗಳೂ ನಿಂತವು. ಹಾಡಿನಲ್ಲಿ ಮುಳುಗಿದ್ದ ಅವಳಿಗೆ ಅದು ತಿಳಿಯಲೇ ಇಲ್ಲ. ಬೀಡಿ ಸೇದಲು ಹೊರಟವರು ಬಾಗಿಲಲ್ಲೇ ನಿಂತರು. ಕಸ ಗುಡಿಸುವ ಸಿಡುಕಜ್ಜಿ ಪೊರಕೆ ಇಟ್ಟು ಕೂತೇಬಿಟ್ಟಳು. ಅಮ್ಮ ತಲೆ ಎತ್ತಿದಳು, ಎಲ್ಲರನ್ನೂ ನೋಡಿದಳು, ಕಿವಿಯ ಹತ್ತಿ ತೆಗೆದಳು. ನಾನಾಗಿದ್ದರೆ ನಾಚಿ ಓಡುತ್ತಿದ್ದೆ. ಅವಳು ಉಳಿದ ಚರಣ ಮುಗಿಸಿಯೇ ಕತ್ತರಿ ಕೈಗೆತ್ತಿಕೊಂಡಳು!

ನೂಲು ಸುತ್ತುವ ಅಕ್ಕ ಕೇಳಿದಳಂತೆ, "ಮನೇಲಿ ಹಾಡಬಾರ್ದೇನೇ?"

"ಮನೇಲಿ ಯಾರಿದಾರೆ ಅಕ್ಕ? ಅವರಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ. ಈ ಸದ್ದಿನೊಳಗೆ ಹೊಕ್ಕರೆ ಹಾಡು ಬಿಟ್ಟು ಬೇರೆ ಲೋಕವೇ ಇರಲ್ಲ ನಂಗೆ."

ಇದನ್ನು ಅಕ್ಕ ನನ್ನ ಮುಖದ ಹತ್ತಿರ ಬಂದು, ಒಂದೊಂದೇ ಮಾತು ಬಿಡಿಸಿ, ಬೈಯುವ ಹಾಗೆ ಹೇಳಿದಳು.

ಬರುವ ಶನಿವಾರ ಪಾಳಿ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಹಾಡಲು ಮೇಸ್ತ್ರಿ ಕೇಳಿದ್ದಾನೆ. ಅಮ್ಮ ಒಪ್ಪಿದ್ದಾಳೆ. ಒಂದೇ ಷರತ್ತು: "ಇವರು ಮುಂದೆ ಕೂತು ಕೇಳಬೇಕು. ಹೇಗಿತ್ತು ಅಂತ ಬಾಯಿಬಿಟ್ಟು ಹೇಳಬೇಕು."

ನೀನೂ ಅಳಿಯಂದಿರೂ ಸುಖವಾಗಿರಿ. ಅಮ್ಮನ ಕಂಠದ ಕಾಲುಭಾಗವಾದರೂ ನಿನಗೆ ಬಂದಿರಲಿ. ನನ್ನದು ಬಂದಿದ್ದರೆ ದೇವರೇ ಗತಿ.

ನಿನ್ನ ಅಪ್ಪ

ಇನ್ನೊಂದು ಮಾತು: ಹಾಡು ಹೇಗಿತ್ತೆಂದು ಮೇಲೆ ಬರೆದದ್ದೆಲ್ಲ ಬೇರೆಯವರು ಹೇಳಿದ್ದು. ನಾನು ನಾಲ್ಕು ಮಾರು ದೂರದಲ್ಲಿದ್ದೆ. ಅಮ್ಮನ ತುಟಿ ಆಡುವುದು ಕಂಡಿತು, ಹಾಡು ಕೇಳಿಸಲಿಲ್ಲ. ಒಂದು ವರ್ಷದಿಂದ ಹೀಗೇ ಆಗಿದೆ. ಫೋನ್ ಎತ್ತದಿರುವುದೂ ಅದಕ್ಕೇ. ಗೊತ್ತಾದರೆ ಕೆಲಸ ಬಿಡಿಸುತ್ತಾಳೆಂದು ಅವಳಿಗೆ ಹೇಳಿರಲಿಲ್ಲ. ಇವತ್ತು ಸಂಜೆ ಹೇಳುತ್ತೇನೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಕಿವಿ ಡಾಕ್ಟರ ಹತ್ತಿರ ಪರೀಕ್ಷೆ.