ಕುರಿಗಾಲಿನ ಪಾಠ

3 ಏಪ್ರಿಲ್ 2011, ಭಾನುವಾರ

ಗುಮ್ಮಘಟ್ಟ. ಮುರಿದ ಎಲುಬು ಕಟ್ಟುವವರಿಗೆ ಶರೀರದ ಪಾಠ, ಮತ್ತೆ ಇವತ್ತು. ಅಸ್ಥಿಪಂಜರ ಎಲ್ಲಿಂದ ತರಲಿ? ಕುರಿಯ ಮುಂಗಾಲು ತಂದಿದ್ದೆ. ಅವರಲ್ಲೊಬ್ಬ, ಪೆದ್ದಣ್ಣ, ಅದರ ಮೊಣಕಾಲ ಕೆಳಗೆ ಬಿದಿರು ದಬ್ಬೆ ಇಟ್ಟು, ಬಟ್ಟೆ ಸುತ್ತಿ, ಹಲ್ಲು ಕಚ್ಚಿ ಎಳೆದ.

"ಅಲುಗಿಸ್ರಿ ನೋಡಾಣ, ಟೀಚರಮ್ಮ."

ಅಲುಗಲಿಲ್ಲ. ಕಟ್ಟು ಅಂದರೆ ಇದು ಎಂದೆ.

"ಕುರೀದಾಗ್ಲಿ ಮನಷ್ಯಾಂದಾಗ್ಲಿ, ಎಲುಬು ಎಲುಬೇ ಅಲ್ಲೇನ್ರಿ?"

ಹೌದು ಎಂದೆ. ಆಮೇಲೆ ಉಗುರು ಒತ್ತಿ ಬಿಟ್ಟು, ಬಿಳಿಯಾದದ್ದು ಮತ್ತೆ ಕೆಂಪಾಗುತ್ತದೋ ಎಂದು ರಕ್ತದ ಓಟ ನೋಡುವುದು ಹೇಳಿಕೊಟ್ಟೆ. ಪಾಠಕ್ಕೆ ಬಂದಿದ್ದ ಶಂಕ್ರಮ್ಮ ನಕ್ಕಳು: "ಕುರಿಗೆ ಉಗುರೆಲ್ಲೈತ್ರಿ?"

ವೈದ್ಯವಿದ್ಯೆ ಡಾಕ್ಟರುಗಳ ಆಸ್ತಿಯಲ್ಲ. ಜನರದು. ನಮ್ಮ ಸಂಘದ ಕರಪತ್ರದಲ್ಲಿರುವುದು ಇದೇ; ಅದು ಸುಳ್ಳು ಹೇಳುವುದಿಲ್ಲ.

7 ಏಪ್ರಿಲ್

ವಾರದ ದಿನ ನಾನು ಹೊಲಿಯುವ ರಾಯದುರ್ಗದ ಜೀನ್ಸ್ ಯೂನಿಟ್‌ನಲ್ಲಿ ಪಕ್ಕದ ಮಷಿನ್ ಭವ್ಯಾಳದು. ಆಟೋ ಇಳಿಯುವಾಗ ಬಿದ್ದಳು. ಬಲ ಮುಂಗೈ ಮುರಿದಿದೆ. ಎಲ್ಲರೂ ಆಸ್ಪತ್ರೆ ಎಂದರು. ನಾನು ಬಿಡಲಿಲ್ಲ, ಪೆದ್ದಣ್ಣನ ಹತ್ತಿರ ಒಯ್ದೆ. ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು, ದಬ್ಬೆ. ಕುರಿಗೆ ಕಟ್ಟಿದಷ್ಟೇ ಬಿಗಿ. ಕಟ್ಟಿದ ಕೈಯೇ ಬಿಚ್ಚಬೇಕು. ಬೇರೆಯವರು ಮುಟ್ಟಿದರೆ ಆ ಮನೆಗೆ ಅವನು ಮತ್ತೆ ಕಟ್ಟುವುದಿಲ್ಲ.

8 ಏಪ್ರಿಲ್, ಸಂಜೆ

ಭವ್ಯಾಳ ಬೆರಳು ಊದಿವೆ. ತಣ್ಣಗಿವೆ.

"ಅಕ್ಕಾ, ಬೆರಳು ನಂದಲ್ಲ ಅನಸ್ತೈತಿ."

ಉಗುರು ಒತ್ತಿ ಬಿಟ್ಟೆ. ಬಿಳಿ. ಬಿಳಿಯಾಗಿಯೇ ಉಳಿಯಿತು… ಆಗ ಹೊಳೆಯಿತು. ಕುರಿಗೆ ಮೊಣಕಾಲ ಕೆಳಗೆ ಮಾಂಸವೇ ಇಲ್ಲ! ಬರೀ ಎಲುಬು, ನರ, ಚರ್ಮ. ಊದಲು ಏನಿದೆ? ಇವಳ ಮುಂಗೈ ತುಂಬ ಮಾಂಸ. ಅದು ಊದಿ, ಬಿಗಿದ ಕಟ್ಟಿನೊಳಗೆ ರಕ್ತದ ಓಟ ನಿಂತಿದೆ.

ಪೆದ್ದಣ್ಣ ಮಡಕಶಿರದಲ್ಲಿ, ಮಗಳ ಮನೆಯಲ್ಲಿ. ಕತ್ತರಿ ಹಿಡಿದೆ. ಭವ್ಯಾಳ ತಾಯಿ ತಿಪ್ಪಕ್ಕ ಅಡ್ಡ ನಿಂತಳು. "ಮುಟ್ಟಬ್ಯಾಡ. ಓದಿದ್ದು ಸಾಕು ನಿಂದು."

ಪೆದ್ದಣ್ಣನಿಗೆ ಫೋನ್ ಮಾಡಿದೆ.

"ನಾಳೆ ಬರ್ತೀನ್ರಿ. ಗಂಟು ಮುಟ್ಟಬ್ಯಾಡ್ರಿ."

"ನಾಳೆಗೆ ಕೈ ಸಾಯ್ತೈತಿ, ಪೆದ್ದಣ್ಣಾ."

"ಕಟ್ಟು ಅಂದ್ರ ಇದು ಅಂದವ್ರು ನೀವೇ ಅಲ್ರೀ?"

"ತಪ್ಪು ಹೇಳಿದ್ದೆ. ಉಗುರು ಕೆಂಪಾಗವಲ್ದು."

"ಫೋನ್ ತಿಪ್ಪಕ್ಕಗ ಕೊಡ್ರಿ."

ಏನು ಹೇಳಿದನೋ. ತಿಪ್ಪಕ್ಕ ಫೋನ್ ಇಟ್ಟು, ಮಗಳ ಮೊಣಕೈ ತಾನೇ ಹಿಡಿದಳು.

"ಕೊಯ್ಯಿ."

10 ಏಪ್ರಿಲ್, ಬಳ್ಳಾರಿ, ಆಸ್ಪತ್ರೆ

ಕಟ್ಟು ಕೊಯ್ದು ಆ ರಾತ್ರಿಯೇ ಇಲ್ಲಿಗೆ ತಂದೆವು. ಕೈ ಉಳಿಯುತ್ತದೆ. ಆ ಕೈ ಮತ್ತೆ ಮಷಿನ್ ನಡೆಸುತ್ತದೋ ಇಲ್ಲವೋ, ಡಾಕ್ಟರು ಹೇಳಲಾರರು. ಭವ್ಯಾ ನನ್ನತ್ತ ನೋಡಲಿಲ್ಲ.

ಪೆದ್ದಣ್ಣ ನಿನ್ನೆಯಿಂದ ವರಾಂಡದಲ್ಲೇ ಇದ್ದಾನೆ. ಈಗ ಪಕ್ಕಕ್ಕೆ ಬಂದು ಕೂತ. ಅಂಗಿಯ ತೋಳು ಮೇಲೆ ಸರಿಸಿ, ಕೈಯನ್ನು ನನ್ನ ತೊಡೆಯ ಮೇಲೆ ಚಾಚಿದ.

"ತೋರಿಸ್ರಿ. ಎಲ್ಲಿಂದ ಎಲ್ಲೀತನಕ ಐತಿ ಆ ಮಾಂಸ?"

ಪೆನ್ನಿನಿಂದ ಅವನ ಮೊಣಕೈ ಕೆಳಗೆ ಒಂದು ಗೆರೆ ಎಳೆದೆ. ಇನ್ನೊಂದು ಮಣಿಕಟ್ಟಿನ ಮೇಲೆ… ಎಷ್ಟು ಮೇಲೆ? ನನಗೂ ಸರಿಯಾಗಿ ಗೊತ್ತಿಲ್ಲ. ಒಳಗೆ ಹೋಗಿ ಡಾಕ್ಟರನ್ನು ಕೇಳಬೇಕು. ಎದ್ದೆ. ಅವನೂ ಎದ್ದ, ತೋಳು ಹಾಗೆಯೇ ಚಾಚಿಕೊಂಡು. ಬಾಗಿಲು ತಳ್ಳಿ ಇಬ್ಬರೂ ಒಳಗೆ ಹೋದೆವು.